ಸವಾಲಿನ ಗಂಟು

ಬಸ್ಸಿನಿಂದ ಇಳಿದ ಬೀರಲಿಂಗಪ್ಪ ನೇರವಾಗಿ ತುಳಜಾಬಾಯಿಯ ಅಂಗಳಕ್ಕೆ ಬಂದು, ಯಾರೂ ಕರೆಯದೆ ಕಟ್ಟೆಯ ಮೇಲೆ ಕುಳಿತು, ಬಗಲಿನ ದಪ್ಪುವಾದ್ಯವನ್ನು ತೊಡೆಗೆ ಆನಿಸಿ ಒಂದು ಪೆಟ್ಟು ಹಾಕಿದ. ತೊಗರಿ ಕೇರುತ್ತಿದ್ದ ತುಳಜಾಬಾಯಿ ಮೊರದಿಂದ ತಲೆ ಎತ್ತಲಿಲ್ಲ. ಚರ್ಮ ಸಡಿಲಾಗಿದೆ ಎಂಬುದು ಸಪ್ಪಳದಲ್ಲೇ ಗೊತ್ತಾಯಿತು.

“ಹೊಸಾ ಸವಾಲ್ ಕಟ್ಟೇನಿ ಬೇ ತುಳಜಾ. ಈ ಸಲ ನೀ ಸೋಲಾಕಿ.”

“ಯಾರ ಮುಂದ ಸೋಲ್ಲಿ ಯಣ್ಣಾ? ಈ ಕೋಳಿ ಮುಂದೇನು?”

ಗಂಡು ಹೆಚ್ಚೆಂದು ಹಾಡುವ ಹರದೇಶಿ ಮೇಳ ಅವನದು, ಹೆಣ್ಣು ಹೆಚ್ಚೆಂದು ಹಾಡುವ ನಾಗೇಶಿ ಮೇಳ ಇವಳದು. ಸಾವಿರದ ಒಂಬೈನೂರ ಎಪ್ಪತ್ತೈದರ ಸುಮಾರಿಗೆ ಆಳಂದದಿಂದ ಜೇವರ್ಗಿಯವರೆಗೆ ಎಲ್ಲೇ ಇವರಿಬ್ಬರ ಗೀಗೀ ಪದವಿದ್ದರೂ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಅವನು ಪದದಲ್ಲಿ ಸವಾಲಿನ ಗಂಟು ಹಾಕಬೇಕು, ಇವಳು ಬಿಚ್ಚಬೇಕು. ಬಿಚ್ಚಲಾಗದಿದ್ದರೆ ಗಂಟು ಮುಂದಿನ ಊರಿಗೆ ಹೋಗುತ್ತಿತ್ತು. ಅದರ ಬೆನ್ನು ಹತ್ತಿ ಜನವೂ ಹೋಗುತ್ತಿದ್ದರು. ಹಾಕಿದವನು ತನ್ನ ಗಂಟನ್ನು ತಾನೇ ಬಿಚ್ಚಕೂಡದು. ಇಡೀ ಆಟ ನಿಂತಿದ್ದೇ ಆ ಕಟ್ಟಳೆಯ ಮೇಲೆ.

ಆಮೇಲೆ ಸೊಲ್ಲಾಪುರದಿಂದ ಕ್ಯಾಸೆಟ್ಟಿನವನೊಬ್ಬ ಬಂದ. ಎದುರಿನ ಮೇಳ ಬೇಡ, ನೀನೊಬ್ಬನೇ ಸಾಕು ಅಂದ. ಬೀರಲಿಂಗಪ್ಪ ಹೊಸ ಪಟಕಾ ಸುತ್ತಿಕೊಂಡು ಹೋಗಿ, ತನ್ನ ಸವಾಲುಗಳನ್ನೂ, ಪದ ಅರ್ಧಕ್ಕೆ ನಿಲ್ಲಬಾರದೆಂದು ಅವುಗಳ ಉತ್ತರವನ್ನೂ ಹಾಡಿ ಬಂದ. ಆ ವರ್ಷ ಅವನ ದನಿ ಕೇಳಿಸದ ಚಹಾದಂಗಡಿ ಇರಲಿಲ್ಲ. ಬಸ್ಸಿನಲ್ಲಿ ಜನ ಎದ್ದು ಅವನಿಗೆ ಜಾಗ ಬಿಡುತ್ತಿದ್ದರು. ಮರುವರ್ಷ ಹವಳಗಾದಲ್ಲಿ ಅವನು ಸವಾಲು ಎತ್ತಿದ್ದೇ ತಡ, ತುಳಜಾಬಾಯಿ ಬಾಯಿ ತೆರೆಯುವ ಮೊದಲೇ ಮುಂದೆ ಕುಳಿತವರು ಉತ್ತರ ಕೂಗಿ ನಕ್ಕರು. ಅಲ್ಲಿಂದಾಚೆ ಕರೆಯುವವರು ಒಬ್ಬೊಬ್ಬರಾಗಿ ನಿಂತರು. ಅವನನ್ನೂ ಕರೆಯಲಿಲ್ಲ, ತಪ್ಪೇ ಮಾಡದ ಇವಳನ್ನೂ ಕರೆಯಲಿಲ್ಲ.

“ಈಗ ಯಾರ್ ಕರದಾರ?” ಅವಳು ಕೇಳಿದಳು.

“ಯಾರೂ ಕರದಿಲ್ಲ, ಅದಕ್ಕೇ ಬಂದೇನಿ. ಈ ಸವಾಲ್ ಯಾವ ಕ್ಯಾಸೆಟ್ಟಿನಾಗೂ ಇಲ್ಲ. ನಿನಗ ಬಿಚ್ಚಾಕ ಆಗಲಿಲ್ಲಂದ್ರ, ಗಂಟು ಹಂಗೇ ಅದ ಅಂತ ಊರೂರಿಗಿ ಹೇಳತೇನಿ. ಮಂದಿಗಿ ಹಟ ಬರ್ತದ. ಇಬ್ಬರಿಗೂ ಕರೀತಾರ.”

“ನಿನ್ನ ಬಾಯಾಗ ಗಂಟು ನಿಲ್ತದೇನು?”

“ನಿಲ್ತದ. ಬೀರಪ್ಪ ದೇವರ ಆಣಿ.”

“ಕ್ಯಾಸೆಟ್ಟಿಗಿ ಹೋಗೂ ಮುಂದ ಆ ಬೀರಪ್ಪ ಎಲ್ಲಿ ಹೋಗಿದ್ದ?”

ಬೀರಲಿಂಗಪ್ಪ ಅದು ಕೇಳಿಸದವನಂತೆ ದಪ್ಪು ಬಡಿದು ಹಾಡಿಯೇಬಿಟ್ಟ. ಏರುದನಿಯಲ್ಲಿ ಗಂಟಲು ಒಡೆಯಿತು, ಆದರೆ ಪದ ಗಟ್ಟಿಯಿತ್ತು. ಅರ್ಧ ಮೈಯನ್ನು ಗೌರಿಗೆ ಕೊಟ್ಟ ಶಿವ ವಿಷ ಕುಡಿದಾಗ ಅವನ ಕೊರಳಷ್ಟೇ ಯಾಕೆ ಕಪ್ಪಾಯಿತು? ಅರ್ಧಕ್ಕೆ ಒಡತಿಯಾದವಳ ಕೊರಳು ಯಾಕೆ ಬೆಳ್ಳಗೆ ಉಳಿಯಿತು?

ಮೊರ ನಿಂತಿತು. ಅವನು ಕೊನೆಯ ಸಾಲಿಗೆ ಬರುವಷ್ಟರಲ್ಲೇ ಉತ್ತರ ರಾಗದ ಸಮೇತ ಅವಳ ಗಂಟಲಿಗೆ ಬಂದು ಕುಳಿತಿತ್ತು. ಅವಳು ಮುದುಕನ ಮುಖ ನೋಡಿದಳು. ಮತ್ತೆ ತೊಗರಿ ನೋಡಿದಳು. ಉತ್ತರವನ್ನು ನುಂಗಿದಳು.

“ನನಗ ಗೊತ್ತಿಲ್ಲ.”

“ಸೋತಿ!” ಬೀರಲಿಂಗಪ್ಪ ಹುಡುಗನ ಹಾಗೆ ಎದ್ದ. “ಸೋತಾಳ! ತುಳಜಾಬಾಯಿ ಸೋತಾಳ!” ಎನ್ನುತ್ತ, ಅಫಜಲಪುರದ ಬಸ್ಸು ತಪ್ಪೀತೆಂದು ಓಡಿಯೇಬಿಟ್ಟ. ದಪ್ಪು ಕಟ್ಟೆಯ ಮೇಲೆಯೇ ಉಳಿದಿತ್ತು.

“ಮರವಿಗೇಡಿ!” ತುಳಜಾಬಾಯಿ ದಪ್ಪು ಎತ್ತಿಕೊಂಡು, ಅವನನ್ನು ಬೈಯುತ್ತ, ಅವನಿಗಾಗಿ ಸೋತ ತನ್ನನ್ನೂ ಬೈದುಕೊಳ್ಳುತ್ತ ಬಸ್ಸು ನಿಲ್ಲುವ ಜಾಗಕ್ಕೆ ಬಂದಳು. ಶರಫುದ್ದೀನನ ಚಹಾದಂಗಡಿಯ ಮುಂದೆ ಬಸ್ಸು ಆಗಲೇ ಗುರುಗುಟ್ಟುತ್ತಿತ್ತು. ಬೀರಲಿಂಗಪ್ಪ ಕಿಟಕಿಯ ಬಳಿ ಕುಳಿತು ಸುತ್ತಲಿನವರಿಗೆ ಸವಾಲು ಹೇಳಿ ಮುಗಿಸಿದ್ದ.

“ಹಂಗಾರ ಉತ್ತರ ಏನ್ ಮುತ್ಯಾ?” ಯಾರೋ ಕೇಳಿದರು.

“ಹೇಳಬ್ಯಾಡೋ ಯಣ್ಣಾ!” ತುಳಜಾಬಾಯಿ ಕೂಗಿದಳು.

ಅವನು ತಡೆದುಕೊಂಡ. ಒಂದು ಗಳಿಗೆ ನಿಜವಾಗಿಯೂ ತಡೆದುಕೊಂಡ. ಬಸ್ಸು ಅಲುಗಿತು. ಕೇಳಿದವರ ಕಣ್ಣುಗಳೆಲ್ಲ ಅವನ ಮೇಲಿದ್ದವು.

“ಗೌರಿ ಅಂಜಿ ದೂರ ಸರದು ನಿಂತಿದ್ಳು!” ಬೀರಲಿಂಗಪ್ಪ ಕಿಟಕಿಯಿಂದ ಕೈ ಬೀಸಿ ಕೂಗಿದ. ಬಸ್ಸೆಲ್ಲ ನಕ್ಕಿತು. ಅಂಗಡಿಯೂ ನಕ್ಕಿತು.

“ಸುಡ್ಲಿ ನಿನ್ನ ಬಾಯಿ!” ತುಳಜಾಬಾಯಿ ಧೂಳಿನಲ್ಲಿ ನಾಲ್ಕು ಹೆಜ್ಜೆ ಓಡಿದಳು. “ಅಕಿ ಸರದು ನಿಂತಿದ್ರ, ವಿಷಾ ಹೊಟ್ಟಿಗಿ ಇಳೀಲಾರದಂಗ ಅವನ ಕೊರಳು ಒತ್ತಿ ಹಿಡದಾಕಿ ಯಾರೋ? ಯಾರೋ ಹೇಳು!”

ಬಸ್ಸು ತಿರುವು ದಾಟಿತ್ತು. ಅಂಗಡಿಯಲ್ಲಿ ನಗು ನಿಂತಿತು. ತುಳಜಾಬಾಯಿ ಯಾರನ್ನೂ ನೋಡದೆ ಬಂದು, ಶರಫುದ್ದೀನನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ದಪ್ಪಿನ ಸಡಿಲ ಚರ್ಮ ಬಿಗಿಯಾಗಲೆಂದು ಅದನ್ನು ಉರಿಗೆ ಹಿಡಿದು ಮೆಲ್ಲಗೆ ತಿರುಗಿಸತೊಡಗಿದಳು.

“ಅಫಜಲಪುರಕ್ಕ ಮುಂದಿನ ಬಸ್ ಯಾವಾಗೋ, ಶರಫುದ್ದೀನಾ?”