ಬಾನೆಟ್ಟಿನ ಮುಂದೆ ಒಂದು ಸ್ಟೂಲು

"ನಾನು ಹೇಳಿದ್ದನ್ನ ನಂಬಬೇಡ. ನೀನೇ ನೋಡು," ಎಂದ ಗಂಡ ಶೋರೂಮಿನ ಗಾಜಿನ ಬಾಗಿಲ ಹತ್ತಿರವೇ ನಿಂತುಬಿಟ್ಟ.

"ನೋಡೋಕೇ ಬಂದಿರೋದು," ಎಂದಳು ಹೆಂಡತಿ. "ಸರಿ ಅನ್ನಿಸಿದ್ರೆ ಇಲ್ಲಿಂದಲೇ ನಿಮ್ಮ ಜೊತೆ ಮನೆಗೆ ಬರ್ತೀನಿ. ಇಲ್ಲಾಂದ್ರೆ ಅಮ್ಮನ ಮನೆಗೆ ವಾಪಸ್. ಮತ್ತೆ ಕರೆಯೋಕೆ ಬರಬೇಡಿ."

ಅವಳ ಕೈಯಲ್ಲಿ ಬಟ್ಟೆ ತುಂಬಿದ ಚೀಲವಿತ್ತು. ಎರಡರಲ್ಲಿ ಯಾವ ಮನೆಗಾದರೂ ಸೈ ಎಂದು ತಯಾರಾಗಿಯೇ ಬಂದಿದ್ದಳು.

ಸೇಲ್ಸ್‌ಮನ್‌ಗೆ ಇಷ್ಟು ಕಿವಿಗೆ ಬಿದ್ದದ್ದೇ ಸಾಕಾಯಿತು. ಮುನಿಸಿಕೊಂಡು ತವರು ಸೇರಿದ ಹೆಂಡತಿ, ದೊಡ್ಡ ಗಾಡಿಯ ಆಸೆ ತೋರಿಸಿ ಕರೆದೊಯ್ಯಲು ಬಂದ ಗಂಡ. ಇಂಥ ಜೋಡಿಗಳನ್ನು ಅವನು ಬೇಕಾದಷ್ಟು ನೋಡಿದ್ದ. ಹೊಸ ಸೀಟಿನ ಮೇಲೆ ಕುಳಿತರೆ ಅರ್ಧ ಸಿಟ್ಟು ಇಳಿಯುತ್ತದೆ ಎಂಬುದು ಅವನ ಸಿದ್ಧಾಂತ. ಗಿರಾಕಿಗೆ 'ಇಲ್ಲ' ಎನ್ನಬಾರದು ಎಂಬುದು ಇನ್ನೊಂದು. ಜೊತೆಯವರು ಅವನಿಗೆ 'ಹೌದಪ್ಪ' ಎಂದೇ ಹೆಸರಿಟ್ಟಿದ್ದರು. ಬೆಟ್ಟ ಹತ್ತುತ್ತಾ ಎಂದರೆ ಹೌದು, ಕೆಸರಲ್ಲಿ ಹೋಗುತ್ತಾ ಎಂದರೆ ಹೌದು, ನಮ್ಮ ಮಾವನಿಗೆ ಹಿಡಿಸುತ್ತಾ ಎಂದರೆ ಅದಕ್ಕೂ ಹೌದು. ಮಾವನನ್ನು ಅವನು ನೋಡಿರಬೇಕೆಂದೇನೂ ಇರಲಿಲ್ಲ.

"ಫೋರ್ ವೀಲ್ ಡ್ರೈವ್ ಗಾಡಿ ಇದೇ ಮೊದಲನೇದಾ ಮೇಡಂ?"

"ನಾನು ಹತ್ತಿ ನೋಡೋದು ಇದೇ ಮೊದಲು. ಇವರು ಆಫೀಸಿಂದು ಓಡಿಸ್ತಿದ್ರು."

"ಹಾಗಾದ್ರೆ ಸಾರ್‌ಗೆ ನಾನು ಹೇಳಿಕೊಡೋದು ಏನೂ ಇಲ್ಲ," ಎಂದು ನಕ್ಕ ಹೌದಪ್ಪ. ಸಾರ್ ನಗಲಿಲ್ಲ. ತನ್ನ ಬೂಟುಗಳನ್ನೇ ನೋಡುತ್ತಿದ್ದ.

ಹೌದಪ್ಪ ಮೊದಲು ತೋರಿಸಿದ್ದು ಇದ್ದುದರಲ್ಲೇ ಹೊಸತನ್ನು. ಒಳಗೆ ಅಗಲವಾದ ಪರದೆ, ಮುಂದೆ ಹಿಂದೆ ಕ್ಯಾಮರಾ. "ಗಾಡಿ ಮುಂದೆ ಇರುವೆ ಹರಿದ್ರೂ ಇದರಲ್ಲಿ ಕಾಣತ್ತೆ ಮೇಡಂ."

"ಇದು ಬೇಡ. ಆ ಬಿಳೀದು ತೋರಿಸಿ. ಇವರ ಆಫೀಸಿಂದು ಅಂಥದ್ದೇ."

ಅದು ಹಳೆಯ ಮಾದರಿ. ಕ್ಯಾಮರಾ ಇಲ್ಲ, ಬೆಲೆಯೂ ಕಡಿಮೆ. ಗಂಡನಾದವನಿಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಅವನ ಮುಖ ನೋಡಿದರೆ ಬಿಳಿಚಿಕೊಂಡಿತ್ತು. ಉಳಿತಾಯಕ್ಕೆ ಹೀಗೆ ಹೆದರುವ ಗಂಡಸನ್ನು ಹೌದಪ್ಪ ಇದೇ ಮೊದಲು ನೋಡಿದ್ದು.

ಅವನು ಎಂಜಿನ್ ಹೊಗಳಿದ. ಟೈರು ಹೊಗಳಿದ. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಪುಟ್ಟ ಗೇರನ್ನು ತನ್ನ ಸ್ವಂತ ಮಗಳೇನೋ ಎಂಬಂತೆ ಹೊಗಳಿದ. ಅವಳು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಬಾನೆಟ್ಟಿನ ಎದುರು ಹೋಗಿ ನಿಂತಳು. ಅದು ಅವಳ ಎದೆಯವರೆಗೆ ಬರುತ್ತಿತ್ತು. ಅಂಚಿನ ಮೇಲೆ ಅಂಗೈ ಇಟ್ಟು ತಕ್ಷಣ ತೆಗೆದಳು.

ಆಮೇಲೆ ಗಿರಾಕಿಗಳು ಕೂರುವ ಕಡೆಯಿಂದ ಒಂದು ಸ್ಟೂಲು ತಂದು ಬಂಪರಿನ ಮುಂದೆ, ತಗಲಿತೇನೋ ಎನ್ನುವಷ್ಟು ಹತ್ತಿರ ಇಟ್ಟಳು. ಅದರ ಮೇಲೆ ತನ್ನ ಚೀಲ. ಚೀಲದ ನೆತ್ತಿಯಿಂದ ಕೈಯನ್ನು ತನ್ನ ಸೊಂಟದ ಕಡೆಗೆ ತಂದು ನೋಡಿದಳು. ಎತ್ತರ ಹೆಚ್ಚಾಯಿತೆಂದು ಕಾಣುತ್ತದೆ, ಚೀಲವನ್ನು ಮೆಲ್ಲಗೆ ಅದುಮಿ ತಗ್ಗಿಸಿದಳು.

ಹೌದಪ್ಪನಿಗೆ ಈಗ ಅರ್ಥವಾಯಿತು. "ಮನೇಲಿ ಪುಟ್ಟ ಮಗು ಅನ್ಸತ್ತೆ?"

"ಎರಡೂವರೆ ವರ್ಷ."

"ಗಂಡಾ ಹೆಣ್ಣಾ?"

"ಗಂಡು."

"ಆ ವಯಸ್ಸಲ್ಲಿ ಕಾಲು ಒಂದು ಕಡೆ ನಿಲ್ಲಲ್ಲ ಬಿಡಿ ಮೇಡಂ. ಅಪ್ಪ ಹೊರಟ್ರೆ ಸಾಕು, ತಾವೂ ಓಡಿ ಬರ್ತಾವೆ."

ಅವಳು ಚೀಲದ ಹಿಡಿಯನ್ನು ನೇರ ಮಾಡಿದಳು. ನಂತರ ಡ್ರೈವರ್ ಸೀಟಿಗೆ ಹತ್ತಿ ಕುಳಿತು ಬಹಳ ಹೊತ್ತು ಮುಂದೆ ನೋಡಿದಳು.

"ನನಗೆ ಕಾಣ್ತಾ ಇಲ್ಲ," ಎಂದಳು ಇಳಿದು ಬಂದು. ಬಂದಾಗಿನಿಂದ ಬಿಗಿಯಾಗಿದ್ದ ದನಿ ಈಗ ಸ್ವಲ್ಪ ಮೆತ್ತಗಾಗಿತ್ತು. "ಆದ್ರೆ ನಾನು ಕುಳ್ಳಿ, ನನ್ನ ಲೆಕ್ಕ ಹಿಡಿಯೋಕಾಗಲ್ಲ. ನೀವು ಇವರಷ್ಟೇ ಎತ್ತರ ಇದ್ದೀರಿ. ನೀವು ಕೂತು ಹೇಳಿ. ನಮಗೂ ನಿಮಗೂ ಏನೂ ಸಂಬಂಧ ಇಲ್ಲ, ಇದ್ದದ್ದನ್ನ ಇದ್ದ ಹಾಗೆ ಹೇಳಿ."

ಗಂಡ ಬಾಗಿಲು ಬಿಟ್ಟು ಹತ್ತಿರ ಬಂದ.

ಹೌದಪ್ಪ ಸೀಟಿನಲ್ಲಿ ಕುಳಿತ. ಎದುರಿಗೆ ಬಿಳಿ ಬಾನೆಟ್ಟು. ಅದರಾಚೆ ದೂರದಲ್ಲಿ ನೆಲದ ಟೈಲ್ಸು, ಗಾಜಿನ ಬಾಗಿಲು. ಸ್ಟೂಲು ಇಲ್ಲ. ಬೆನ್ನು ನೆಟ್ಟಗೆ ಮಾಡಿದ, ಕತ್ತು ಉದ್ದ ಮಾಡಿದ. ಚೀಲದ ತುದಿಯೂ ಕಾಣಲಿಲ್ಲ.

ಕಾಣಲ್ಲ ಎಂದರೆ ಕಥೆ ಮುಗಿಯಿತು. ಮನೆಯಲ್ಲಿ ಪುಟ್ಟ ಮಗುವಿರುವ ಯಾವ ತಾಯಿ ಇಂಥ ಗಾಡಿ ಒಪ್ಪುತ್ತಾಳೆ? ಕ್ಯಾಮರಾ ಇರುವುದನ್ನು ಆಗಲೇ ಬೇಡ ಎಂದಾಯಿತು. ಇನ್ನು ಚೀಲ ನೇರ ತವರಿಗೆ. ಗಂಡ ಎರಡೂ ಕೈ ಹೊಸೆದುಕೊಂಡು ಇವನನ್ನೇ ನೋಡುತ್ತಿದ್ದಾನೆ, ತೀರ್ಪಿಗೆ ಕಾದವನಂತೆ. ಹೌದಪ್ಪನಿಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. ಒಂದು ಮಾತಿಗೆ ಗಾಡಿ ಮಾರಾಟವಾಗುತ್ತದೆ, ಒಂದು ಸಂಸಾರವೂ ಉಳಿಯುತ್ತದೆ. ಇಷ್ಟು ಪುಣ್ಯ ಬರುವ ಸುಳ್ಳನ್ನು ಅವನು ಹಿಂದೆಂದೂ ಹೇಳಿರಲಿಲ್ಲ.

"ಕಾಣತ್ತೆ ಮೇಡಂ," ಎಂದ, ತಲೆ ಹೊರಗೆ ಹಾಕಿ, ಧೈರ್ಯ ತುಂಬುವ ದನಿಯಲ್ಲಿ. "ಸ್ಟೂಲು, ಚೀಲ, ಎಲ್ಲಾ ಚೆನ್ನಾಗಿ ಕಾಣತ್ತೆ."

ಅವಳು ಸ್ಟೂಲಿನ ಮೇಲಿದ್ದ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಗಂಡನ ಎದುರಿಗೆ ಬಂದಳು.

"ಕೇಳಿಸ್ಕೊಂಡ್ರಾ? ಇವರಿಗೆ ಕಾಣತ್ತಂತೆ. ಅವತ್ತು ಗೇಟ್ ಹತ್ರ ಗಾಡಿ ಮುಂದೆ ನಿಂತಿದ್ದ ನಮ್ಮ ಮಗು, ಹೆತ್ತ ಅಪ್ಪ ನಿಮಗೆ ಮಾತ್ರ ಕಾಣಲಿಲ್ಲ."