ಮೀನಿಗೆ ಎರಡು ಸೇರು ಮಂಡಕ್ಕಿ

ಹರಿಹರದಲ್ಲಿ ಹೊಳೆಗೆ ಇಳಿಯುವ ದಾರಿಯಲ್ಲಿ, ಅಮಾವಾಸ್ಯೆಯ ಬೆಳಿಗ್ಗೆ, ಪ್ಲಾಸ್ಟಿಕ್ ತಪಾಸಣೆಯ ಗಾಡಿಯವರು ಉಡಚಮ್ಮನ ಮಂಡಕ್ಕಿಯನ್ನೆಲ್ಲ ನೆಲಕ್ಕೆ ಸುರಿದು, ಬರಿದಾದ ಚೀಲವನ್ನು ಜಪ್ತಿ ಮಾಡಿಕೊಂಡರು. ಚೀಲ ಪ್ಲಾಸ್ಟಿಕ್ಕಿನದು.

ಅದಕ್ಕೆ ತುಸು ಮುಂಚೆ ಅಲ್ಲಿ ನಡೆಯುತ್ತಿದ್ದದ್ದು ಬರೀ ವ್ಯಾಪಾರ. ದಾವಣಗೆರೆಯಿಂದ ಕಾರಿನಲ್ಲಿ ಬಂದಿಳಿದ ಶಾಂತಲಾ ಹೊಳೆಯ ಮೀನಿಗೆ ಹಾಕಲು ಎರಡು ಸೇರು ಮಂಡಕ್ಕಿ ಕೇಳಿದ್ದಳು. ಅಮಾವಾಸ್ಯೆಯ ದಿನ ತುಂಗಭದ್ರೆಯ ಮೀನಿಗೆ ಮಂಡಕ್ಕಿ ಹಾಕಿದರೆ ಮನೆಯ ಪೀಡೆ ಕಳೆಯುತ್ತದೆಂದು ನಂಬಿ ಬರುವವರಿಂದಲೇ ಗುತ್ತೂರಿನ ಉಡಚಮ್ಮನ ಒಲೆ ಉರಿಯುತ್ತಿತ್ತು. ಶಾಂತಲಾಳ ಹೆಗಲಿಗೆ ಬಟ್ಟೆಯ ಚೀಲ. ಅದರ ಮೇಲೊಂದು ಹಸಿರು ಎಲೆ, ಎಲೆಯ ಕೆಳಗೆ ‘ಭೂಮಿ ಉಳಿಸಿ’ ಎಂಬ ದಪ್ಪ ಅಕ್ಷರ. ಉಡಚಮ್ಮ ಸೇರು ತುಂಬಿಕೊಂಡು ಆ ಚೀಲದತ್ತ ಕೈ ಚಾಚಿದಳು.

“ಅಯ್ಯಯ್ಯ, ಇದಕ್ಕೆ ಹಾಕಬ್ಯಾಡಮ್ಮ, ಗಲೀಜಾಗುತ್ತೆ. ಕವರ್ ಕೊಡು.”

“ಕವರ್ ಬಂದ್ ಮಾಡ್ಯಾರಲ್ರಿ ಅಕ್ಕಾರ. ಹಳೇ ಸೀರೇದು ಚೀಲ ಹೊಲ್ದಿಟ್ಟೀನಿ, ಐದು ರೂಪಾಯಿ ಕೊಡ್ರಿ. ಮತ್ತೆ ಬಂದಾಗ್ಲೂ ಆಗುತ್ತೆ.”

“ಚೀಲಕ್ಕೂ ದುಡ್ಡಾ? ಮಂಡಕ್ಕಿ ಮಾರ್ತೀಯೋ, ಚೀಲ ಮಾರ್ತೀಯೋ?”

“ಹೆಗಲಾಗೆ ಇರೋದನ್ನ ಪುಗಸಟ್ಟೆ ಕೊಟ್ರೇನ್ರಿ?”

“ಇದು ಮಾಲ್‌ನಾಗೆ ತಗಂಡಿದ್ದು. ಮೂವತ್ತು ರೂಪಾಯಿ!” ಎಂದಳು ಶಾಂತಲಾ, ಮಗನ ರ‍್ಯಾಂಕು ಹೇಳುವ ದನಿಯಲ್ಲಿ. ಏಸಿಯ ತಣ್ಣನೆಯ ಗಾಳಿ ಬೀಸುವ ಕಡೆ ಚೀಲಕ್ಕೆ ಬೆಲೆ ಕೇಳಿದರೆ ಅದು ನಾಗರಿಕತೆ. ಬಿಸಿಲಿಗೆ ಕೂತವಳು ಕೇಳಿದರೆ ಸುಲಿಗೆ. “ಕವರ್ ಇಲ್ಲಾಂದ್ರೆ ಬಿಡು. ಮುಂದೆ ಬೇಕಾದಷ್ಟು ಜನ ಕೂತಾರೆ.”

ಇನ್ನೂ ಬೋಣಿಯಾಗಿರಲಿಲ್ಲ. ಬೋಣಿಯ ಗಿರಾಕಿ ಬರಿಗೈಲಿ ತಿರುಗಿದರೆ ಇಡೀ ದಿನ ಕೆಟ್ಟಿತೆಂದು ನಂಬಿದ ಜೀವ ಉಡಚಮ್ಮನದು. ಆಚೀಚೆ ನೋಡಿ, ಕೂತಿದ್ದ ಗೋಣಿತಾಟಿನ ಅಡಿಯಿಂದ ಒಂದು ಕವರ್ ಎಳೆದಳು. ಅದರ ಬಾಯಿ ಬಿಡಿಸಲು ಬೆರಳಿಗೆ ಉಗುಳು ಹಚ್ಚುವಷ್ಟರಲ್ಲಿ ಗಾಡಿ ಬಂದು ನಿಂತಿತು.

“ಯಾರಿಗಮ್ಮ ಕೊಡ್ತಿದ್ದೆ ಅದನ್ನ?” ಗಾಡಿಯಿಂದ ಇಳಿದ ತಪಾಸಣೆಯ ಅಧಿಕಾರಿ ಅರುಣ್ ಕುಮಾರ್ ಕೇಳಿದ.

ಉಡಚಮ್ಮ ಶಾಂತಲಾಳ ಮುಖ ನೋಡಿದಳು. ಶಾಂತಲಾ ಎಲೆಯ ಚಿತ್ರ ಕಾಣುವ ಹಾಗೆ ಚೀಲವನ್ನು ಮುಂದಕ್ಕೆ ತಿರುಗಿಸಿದಳು. “ನಾನು ಕೇಳೇ ಇಲ್ಲ ಸಾರ್. ನನ್ನ ಹತ್ರ ಚೀಲ ಐತೆ, ನೋಡ್ರಿ. ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೆ.”

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ. ಈಕೆ ಹೊಳೆಗೆ ಇಳಿಯುವ ಮೊದಲೇ ಅಂಬಿಗನನ್ನು ನೂಕಿದ್ದಳು.

ಗಾಡಿಯವರು ತಾಟಿನ ಅಡಿಯ ಕವರುಗಳನ್ನು ಎಳೆದರು. ಆಮೇಲೆ ಕೈ ಮಂಡಕ್ಕಿ ಚೀಲಕ್ಕೆ ಹೋಯಿತು. “ಭಟ್ಟಿಯಿಂದ ಬರೋದೇ ಆ ಚೀಲದಾಗ್ರಿ ಸಾಹೇಬ್ರೆ, ನಾನೇನ್ ಹೊಲಿದಿದ್ದಲ್ಲ,” ಎಂದು ಉಡಚಮ್ಮ ಅಡ್ಡ ಬಂದಳು. “ಕಾನೂನು ಎಲ್ಲರಿಗೂ ಒಂದೇ,” ಎಂದ ಅರುಣ್ ಕುಮಾರ್. ಆ ಚೀಲ ತಯಾರಾಗುವ ಕಾರ್ಖಾನೆಯ ಗೇಟನ್ನು ಅವನ ಗಾಡಿ ಎಂದೂ ಕಂಡಿರಲಿಲ್ಲ. ಎಲ್ಲರಿಗೂ ಒಂದೇ ಆದ ಕಾನೂನಿನ ಕೈಗೆ ನೆಲದ ಮೇಲೆ ಕೂತವರು ಮಾತ್ರ ಸಲೀಸಾಗಿ ಎಟುಕುತ್ತಿದ್ದರು. ಸುರಿದ ಮಂಡಕ್ಕಿ ಹೊಳೆಗಾಳಿಗೆ ಹೊರಳಿ, ಬಂದು ಹೋಗುವವರ ಚಪ್ಪಲಿಯಡಿ ಚರಚರ ಅಂದಿತು.

ಅರುಣ್ ಕುಮಾರನ ಕಣ್ಣು ಹಸಿರು ಎಲೆಯ ಮೇಲೆ ನಿಂತಿತು. “ಮೇಡಂ, ನಿಮ್ಮಂಥೋರು ಸಿಗೋದೇ ಅಪರೂಪ. ಒಂದು ಫೋಟೋ ಹೊಡ್ಕಂತೀನಿ, ಜಾಗೃತಿ ಗ್ರೂಪಿಗೆ ಹಾಕಾಕೆ.” ಉಡಚಮ್ಮನ ಕಡೆ ತಿರುಗಿದ. “ಏಯ್, ಸುರಿದಿದ್ದನ್ನ ಮೇಲ್ಮೇಲೆ ಬಾಚಿ ಮೇಡಂ ಚೀಲಕ್ಕೆ ತುಂಬು. ಒಂಚೂರು ನಗು. ಫೋಟೋ ಚೆಂದ ಬಂದ್ರೆ ದಂಡ ಬಿಡ್ತೀನಿ. ಇಲ್ಲಾಂದ್ರೆ ದಂಡಾನೂ ಕಟ್ಟು, ನಾಳೆಯಿಂದ ಈ ಜಾಗದಾಗೂ ಕೂಡಂಗಿಲ್ಲ.”

ಶಾಂತಲಾ ಚೀಲವನ್ನು ಎದೆಗೆ ಅವುಚಿಕೊಂಡಳು. “ನೆಲಕ್ಕೆ ಬಿದ್ದಿದ್ದಾ? ಮೀನಿಗೇನು, ತಿಂತಾವೆ. ಆದ್ರೆ ಚೀಲ ಮಣ್ಣಾಗುತ್ತಲ್ಲ ಸಾರ್... ಒಳಗೊಂದು ಕವರ್ ಇಟ್ಟು ಹಾಕಿದ್ರೆ? ಫೋಟೋದಾಗೆ ಕಾಣಲ್ಲ.”

ಅರುಣ್ ಕುಮಾರ್ ಒಂದು ಗಳಿಗೆ ಯೋಚಿಸಿದ. ಕಾನೂನಿನಲ್ಲಿ ಇದಕ್ಕೆ ಅಡ್ಡಿಯೇನೂ ಕಂಡಂತಿಲ್ಲ. ಗಾಡಿಯೊಳಗಿನ ಜಪ್ತಿಯ ಗಂಟಿಗೆ ಕೈ ಹಾಕಿ ಒಂದು ಕವರ್ ಎಳೆದು ಉಡಚಮ್ಮನ ಮುಂದೆ ಒಗೆದ. ಜೇಬಿನಿಂದ ಫೋನು ತೆಗೆದ.

“ಹೂಂ, ಬಿಡಿಸಿ ತುಂಬು. ಬೇಗ.”

ಉಡಚಮ್ಮ ಕವರನ್ನು ಮುಟ್ಟಲಿಲ್ಲ. ಸೇರನ್ನು ಬೋರಲು ಹಾಕಿ ಎದ್ದು ನಿಂತಳು.

“ನಾ ತುಂಬಲ್ಲ.”

“ಏನಂದೆ? ಜಾಗ ಹೋಗುತ್ತೆ, ಗ್ಯಾನ ಐತಾ?”

“ಹೋಗ್ಲಿ. ಮೇಡಂ ಬಗ್ಗಿ ಬಾಚಲಿ, ನೀವು ಕವರ್ ಬಾಯಿ ಹಿಡೀರಿ,” ಎನ್ನುತ್ತ ಉಡಚಮ್ಮ ಅವನ ಮುಂದೆ ಕೈ ನೀಡಿದಳು. “ಫೋನ್ ಇಲ್ಲಿ ಕೊಡ್ರಿ. ಫೋಟೋ ನಾ ಹೊಡಿತೀನಿ.”