ಇಸಿದ್ರೋ ಲಾಬ್ರದೋರನ ಸಹಿ

ಈ ಕಥೆಯನ್ನು ಮೊದಲು ಹೇಳಿದವರು ಅಗ್ವ ಮಾನ್ಸ ಎಂಬ ಊರಿನ ದೆಲ್ಫಿನಾ ಅರ್ಚುಲೆತ, ವಯಸ್ಸು ಎಪ್ಪತ್ತೊಂದು. ಹೇಳಿದ್ದು ೧೯೭೪ರ ಮೇ ಹದಿನೈದರ ಸಂಜೆ, ತಮ್ಮ ಮನೆಯ ಮುಂಗೋಣೆಯಲ್ಲಿ. ಕೇಳಲು ಕುಳಿತವರು ಎಂಟು ಮಂದಿ ಎಂದು ನಾನು ಬರೆದುಕೊಂಡಾಗ ಅವರು ತಿದ್ದಿದರು: "ಒಂಬತ್ತು ಅಂತ ಬರ್ಕೊಳ್ಳಿ."

೧೯೬೧ರ ಮಾರ್ಚ್ ತಿಂಗಳು. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತ ನಡೆದಿತ್ತು. ಮಾಂಸವಿಲ್ಲ, ಕುಣಿತವಿಲ್ಲ, ಸುಳ್ಳಂತೂ ಕೂಡದು. ಊರಿನ ಹದಿಮೂರು ಮನೆಗಳವರು ಸಲಿಕೆ ಹಿಡಿದು ಕಾಲುವೆಯ ಹೂಳೆತ್ತುತ್ತಿದ್ದರು. ಟೆಕ್ಸಾಸಿನ ರಸ್ಸೆಲ್ ಟಿಬ್ಬೆಟ್ಸ್ ಏರಿಯ ಮೇಲೆ ನಿಂತು, ಎರಡನೆಯ ವಾರವೂ ಅದೇ ಪ್ರಶ್ನೆ ಕೇಳಿದ. ಇಸಿದ್ರೋ ಲಾಬ್ರದೋರ್ ಎಲ್ಲಿ?

ಕಾಲುವೆಯ ತಲೆಯಲ್ಲಿದ್ದ ನೂರಿಪ್ಪತ್ತು ಎಕರೆಯನ್ನು ಟಿಬ್ಬೆಟ್ಸ್ ಕೊಂಡಿದ್ದ. ಕೊಂಡದ್ದು ಬರಿಯ ಮೇಲ್ಮಣ್ಣು ಎಂಬುದು ಆಮೇಲೆ ತಿಳಿಯಿತು. ಆ ಸೀಮೆಯಲ್ಲಿ ನೆಲ ಒಬ್ಬನದು, ನೀರು ಇನ್ನೊಬ್ಬನದು, ನೆಲದಡಿಯ ಅದಿರು ಮತ್ತೊಬ್ಬನದು ಆಗಬಹುದು. ಮಕ್ಕಳಿಲ್ಲದ ಹಳೆಯ ಒಡೆಯನೊಬ್ಬ ೧೯೦೩ರಲ್ಲಿ ನೀರನ್ನೂ ಅದಿರನ್ನೂ ಇಸಿದ್ರೋ ಲಾಬ್ರದೋರನ ಹೆಸರಿಗೆ ಬರೆದಿಟ್ಟಿದ್ದ. ಅಡಿಯಲ್ಲಿದ್ದದ್ದು ತಾಮ್ರ. ಗಣಿಗೆ ನೀರು ಬೇಕು. ಒಂದು ಸಹಿ ಬಿದ್ದರೆ ನೀರು ಗಣಿಗೆ ತಿರುಗುತ್ತದೆ, ಹದಿಮೂರು ಮನೆಗಳ ಮೆಣಸಿನಕಾಯಿ, ಹುರುಳಿಕಾಯಿ ಹೊಲಗಳು ಧೂಳಾಗುತ್ತವೆ. ಇದು ಟಿಬ್ಬೆಟ್ಸ್‌ಗೂ ಗೊತ್ತಿತ್ತು, ಸಲಿಕೆ ಹಿಡಿದವರಿಗೂ ಗೊತ್ತಿತ್ತು.

ಬಳಸದೆ ಬಿಟ್ಟ ನೀರಿನ ಹಕ್ಕು ಬಿದ್ದುಹೋಗುತ್ತದೆ ಎಂಬ ಕಾಯಿದೆಯನ್ನು ಅವನು ನಂಬಿದ್ದ. ನೀರುಗಂಟಿ ಕಸಿಮಿರೋ ತನ್ನ ಪುಸ್ತಕ ತೆರೆದು ತೋರಿಸಿದ. ಪ್ರತಿ ವಸಂತದಲ್ಲೂ ಇಸಿದ್ರೋನ ಪಾಲಿನ ಹೂಳು ಎತ್ತಿ ಆಗಿತ್ತು. ಐವತ್ತೆಂಟು ವರ್ಷಗಳಲ್ಲಿ ಒಂದೂ ತಪ್ಪಿರಲಿಲ್ಲ; ಹಕ್ಕು ಬಳಕೆಯಲ್ಲೇ ಇತ್ತು.

"ಅವನೇ ಅಗೆದನಾ?"

"ಅವರ ಕೈಲಾಗಲ್ಲ ಸಾಹೇಬ್ರೇ. ಅವರ ಪಾಲು ನಾವು ಅಗೀತೀವಿ."

ಉಳಿದ ವಿಚಾರಣೆಗೂ ಕಸಿಮಿರೋ ತಡೆಯಿಲ್ಲದೆ ಉತ್ತರಿಸಿದ. ಇಸಿದ್ರೋನಿಗೆ ಸ್ವಂತ ಮನೆಯಿಲ್ಲ. ವರ್ಷಕ್ಕೊಂದು ಮನೆಯಂತೆ ಸರದಿಯಲ್ಲಿ ಇರುತ್ತಾರೆ. ಈ ವರ್ಷ ದೆಲ್ಫಿನಾರ ಮನೆ. ಹೆಂಡತಿ ಸ್ಪೇನ್ ಕಡೆಯವಳು, ತೀರಿಕೊಂಡಿದ್ದಾಳೆ. ಹರೆಯದಲ್ಲಿ ಪರರ ಹೊಲ ಉಳುತ್ತಿದ್ದರು.

"ಕಿವಿ ಕೇಳಿಸುತ್ತಾ?"

"ಎಲ್ಲಾ ಕೇಳಿಸ್ಕೋತಾರೆ. ಉತ್ತರ ಕೊಡೋದು ಮಾತ್ರ ನಿಧಾನ. ಮಳೆ ವಿಷಯ ಕೇಳಿದ್ರೂ ಅಷ್ಟೇ."

ಅಗೆಯುತ್ತಿದ್ದವರಲ್ಲಿ ಒಬ್ಬ ಕೆಮ್ಮಿದ. ಯಾರೂ ತಲೆಯೆತ್ತಲಿಲ್ಲ.

ಬಡ ಮುದುಕ, ಪರರ ಅನ್ನ. ಇಂಥವನ ಸಹಿ ಸುಲಭವೆಂದುಕೊಂಡು ಟಿಬ್ಬೆಟ್ಸ್ ಅಂದೇ ದೆಲ್ಫಿನಾರ ಬಾಗಿಲು ತಟ್ಟಿದ. ದಾರಿಯಲ್ಲಿ ಅವನ ಗಾಡಿ ಹೂಳಿನಲ್ಲಿ ಹೂತಿತ್ತು, ಮೊಣಕಾಲಿನವರೆಗೆ ಕೆಸರು.

"ಇಸಿದ್ರೋ ಇದಾನಾ?"

"ಮುಂಗೋಣೇಲಿದಾರೆ. ಬನ್ನಿ, ಕೂತ್ಕೊಳ್ಳಿ."

ಕೋಣೆಯಲ್ಲಿ ಬೆಂಚು, ಒಲೆ, ಉರಿಯುವ ಎರಡು ಮೇಣದ ಬತ್ತಿ. ಗೋಡೆಯ ಗೂಡಿನಲ್ಲಿ ಮರದ ಕೆತ್ತನೆಯ ಪುಟ್ಟ ಜೋಡೆತ್ತು. ಟಿಬ್ಬೆಟ್ಸ್ ತನ್ನ ಹ್ಯಾಟನ್ನು ಒಂದು ಎತ್ತಿನ ಕೊಂಬಿಗೆ ಸಿಕ್ಕಿಸಿದ. ಅದರ ಅಗಲ ಗೂಡನ್ನೆಲ್ಲ ಮುಚ್ಚಿತು. ದೆಲ್ಫಿನಾ ಅದನ್ನು ತೆಗೆದು ಅವನ ತೊಡೆಯ ಮೇಲಿಟ್ಟರು.

"ಅವು ಅವರ ಎತ್ತು ಸಾಹೇಬ್ರೇ. ಬೇರೆಯವರು ಮುಟ್ಟಿದ್ರೆ ಊರಿಗೆ ಸರಿಬರಲ್ಲ."

ಮೊಳಕೆಗೋಧಿಯ ಸಿಹಿ ಬಂತು, ಕಾಫಿ ಬಂತು. ಇಸಿದ್ರೋ ಬರಲಿಲ್ಲ. ಒಂದು ಗಂಟೆ ಕಳೆಯಿತು. ಮೂರು ಕಳೆದವು. ಟಿಬ್ಬೆಟ್ಸ್ ಹಿತ್ತಿಲು ನೋಡಿದ, ಕುರಿದೊಡ್ಡಿ ನೋಡಿದ, ಮಂಚದಡಿಗೂ ಬಗ್ಗಿ ನೋಡಿದ. ಈಸ್ಟರ್‌ನೊಳಗೆ ಹೀಗೆ ನಾಲ್ಕು ಸಲ ಬಂದ. ಕಡೆಯ ಸಲ ಅವನ ಧ್ವನಿ ಒಡೆದಿತ್ತು.

"ಒಂದ್ಸಲ ಮುಖಾನಾದ್ರೂ ತೋರ್ಸಮ್ಮ."

"ನಾನೇನು ಅಡ್ಡ ನಿಂತಿದೀನಾ?"

"ಅವನ ವಯಸ್ಸೆಷ್ಟು?"

"ನನಗಿಂತ ದೊಡ್ಡೋರು."

"ಸರಿ. ಅವನು ಸತ್ತ ಮೇಲೇ ಬರ್ತೀನಿ, ವಾರಸುದಾರರ ಹತ್ರ ಮಾತಾಡ್ತೀನಿ."

"ಹಾಗಾದ್ರೆ ಊಟ ಕಟ್ಕೊಂಡು ಬನ್ನಿ," ಎಂದರು ದೆಲ್ಫಿನಾ. "ತುಂಬ ಕಾಯ್ಬೇಕಾಗತ್ತೆ."

ಕರಾರು ಪತ್ರವನ್ನೂ ಪೆನ್ನನ್ನೂ ಬೆಂಚಿನ ಮೇಲೆ ಎಸೆದು ಅವನು ಹೋದ. ದೆಲ್ಫಿನಾ ಅವನ್ನು ಎತ್ತಿ ಇಸಿದ್ರೋನ ಮುಂದಿಟ್ಟರು. ಕೊಟ್ಟದ್ದನ್ನು ತಲುಪಿಸದಿರುವುದೂ ಒಂದು ಬಗೆಯ ಸುಳ್ಳೇ. ಸಹಿ ಬೀಳಲಿಲ್ಲ. ಮರುವರ್ಷ ಟಿಬ್ಬೆಟ್ಸ್ ಆ ನೂರಿಪ್ಪತ್ತು ಎಕರೆ ಮೇಲ್ಮಣ್ಣನ್ನು ಕೊಂಡ ಬೆಲೆಯ ಅರ್ಧಕ್ಕೆ ಊರಿಗೇ ಮಾರಿದ. ಅಲ್ಲಿ ಈಗ ಕುರಿ ಮೇಯುತ್ತವೆ.

"ನಲವತ್ತು ದಿನ," ಎಂದು ದೆಲ್ಫಿನಾ ಕಥೆ ಮುಗಿಸಿದರು, "ಒಬ್ಬರಾದ್ರೂ ಒಂದು ಸುಳ್ಳಾಡಲಿಲ್ಲ."

ಹೊತ್ತು ಇಳಿದಿತ್ತು. ಕೇಳುಗರು ಎದ್ದು ಹ್ಯಾಟು, ಶಾಲು ಹುಡುಕಿಕೊಂಡರು. ಹದಿಮೂರು ಮನೆಗಳ ಸರದಿ ಸುತ್ತಿ ಬಂದು ದೆಲ್ಫಿನಾರ ವರ್ಷ ಮತ್ತೆ ಅಂದಿಗೆ ಮುಗಿದಿತ್ತು. ಮುಂದಿನ ಮನೆ ಎವುಸೇಬಿಯೋನದು. ಅವನು ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತ.

ದೆಲ್ಫಿನಾ ಗೂಡಿನಿಂದ ಒಂಬತ್ತನೆಯ ಕೇಳುಗನನ್ನು ಎತ್ತಿಕೊಂಡು, ಶಾಲಿನಂಚಿನಿಂದ ಆ ಗೇಣೆತ್ತರದ ಮರದ ಸಂತ ಇಸಿದ್ರೋನ ಮುಖದ ಧೂಳೊರೆಸಿ, ಅವನ ನೇಗಿಲನ್ನೂ ಜೋಡೆತ್ತನ್ನೂ ಎಣಿಸಿ ಎವುಸೇಬಿಯೋನಿಗೆ ಒಪ್ಪಿಸಿದರು. ಉಳಿದವರು ಅವನ ಹಿಂದೆ ಕಾಲುವೆಯ ಏರಿ ಹಿಡಿದು ಮನೆಗೆ ಹೋದರು.